ಮೊದಲು ಬ್ರೇಕು, ಆಮೇಲೆ ಎಂಜಿನ್ನು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನಿಂದ ಗೆಳೆಯರು ತಾವೇ ಎಂಜಿನ್ನು ಕೂರಿಸಿದ ಸೈಕಲ್ಲುಗಳನ್ನು ಈ ಪ್ರದರ್ಶನಕ್ಕೆ ಹೇರಿಕೊಂಡು ಬಂದಿದ್ದಾರೆ.

ದೀಪ ಹಚ್ಚುವ ಮೊದಲು ಸಂಘಟಕರು ನನ್ನನ್ನು ಒಂದು ಸುತ್ತು ಕರೆದುಕೊಂಡು ಹೋದರು. ಪ್ರತಿ ಸೈಕಲ್ಲಿನ ಪಕ್ಕ ಅದನ್ನು ಮಾಡಿದವರೇ ನಿಂತಿದ್ದರು. ಎಂಜಿನ್ನಿನ ಚೈನು ಎಡಗಡೆ ಯಾಕೆ ಅಂದರೆ, ಪೆಡಲಿನದು ಬಲಗಡೆ ಇದೆಯಲ್ಲ ಅಂದರು. ಟ್ಯಾಂಕು ಇಷ್ಟು ಮೇಲೆ ಯಾಕೆ ಅಂದರೆ, ಪಂಪಿಲ್ಲ ಸಾರ್, ಪೆಟ್ರೋಲು ತಾನಾಗಿ ಇಳಿಯಬೇಕು ಅಂದರು. ಷೋರೂಮಿನಿಂದ ತಂದ ಗಾಡಿಯ ಬಗ್ಗೆ ನಮ್ಮಲ್ಲಿ ಎಷ್ಟು ಜನ ಹೀಗೆ ಉತ್ತರ ಕೊಟ್ಟಾರು? ಏರಿ ಕೂತ ಯಂತ್ರದ ಒಂದೊಂದು ನಟ್ಟೂ ಕೂತವನಿಗೆ ಗೊತ್ತಿರುವುದು, ಈ ಹವ್ಯಾಸದ ದೊಡ್ಡ ಸುಖ ಅದೇ.

ಇದನ್ನು ಹುಡುಗಾಟ ಎನ್ನುವವರಿಗೆ ಜಪಾನಿನ ಒಂದು ಸಂಗತಿ ಹೇಳಬೇಕು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಹಮಾಮತ್ಸು ಎಂಬ ಊರಿನಲ್ಲಿ ಸೊಯಿಚಿರೊ ಹೋಂಡಾ ಅವರ ಕೈಗೆ ಸೈನ್ಯದ ವೈರ್‌ಲೆಸ್ಸಿಗೆ ಕರೆಂಟು ಕೊಡುತ್ತಿದ್ದ ಸಣ್ಣ ಎಂಜಿನ್ನುಗಳು ಸಿಕ್ಕವು. ಅವನ್ನು ಸೈಕಲ್ಲಿಗೆ ಕೂರಿಸಿ ಮಾರಿದರು. ಎಂಜಿನ್ನು ಮುಗಿದಾಗ ತಾವೇ ಎಂಜಿನ್ನು ಮಾಡಿದರು. ಹೋಂಡಾ ಕಂಪನಿ ಹುಟ್ಟಿದ್ದು 1948ರಲ್ಲಿ. 1952ರಲ್ಲಿ ಸೈಕಲ್ಲಿನ ಹಿಂಚಕ್ರಕ್ಕೆ ಜೋಡಿಸುವ 'ಕಬ್' ಎಂಜಿನ್ನು ಬಂದಾಗ ಅದನ್ನು ಮಾರಲು ಕಂಪನಿ ಪತ್ರ ಬರೆದದ್ದು ದೇಶದ ಸುಮಾರು 50 ಸಾವಿರ ಸೈಕಲ್ ಅಂಗಡಿಗಳಿಗೆ. ಪಂಕ್ಚರ್ ಹಾಕುವವರನ್ನು ನಂಬಿ ಬೆಳೆದ ಕಂಪನಿ ಅದು. ಆ ಮಾತು ನನಗೆ ಬಹಳ ಹಿಡಿಸುತ್ತದೆ.

ನಮ್ಮಲ್ಲಿ 1972ಕ್ಕೆ ಲೂನಾ ಮೊಪೆಡ್ ಬಂತು. 1980ಕ್ಕೆ ಪಕ್ಕದ ಹೊಸೂರಿನಿಂದ ಟಿವಿಎಸ್ 50 ಬಂತು. ಹಾಲಿನ ಕ್ಯಾನು, ಮೇವಿನ ಹೊರೆ, ಅಡಿಕೆ ಚೀಲ ಹೊತ್ತು ನಮ್ಮ ರಸ್ತೆಗಳಲ್ಲಿ ಇಂದಿಗೂ ಓಡುವ ಟಿವಿಎಸ್ಸುಗಳೆಲ್ಲ ಪೆಡಲಿಗೆ ಎಂಜಿನ್ನು ಸೇರಿಸಿದ ಆ ಯೋಚನೆಯ ವಂಶವೇ.

ಈಗ ನಮ್ಮ ತೋಟಕ್ಕೆ ಬರೋಣ. ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಹುಲ್ಲು ಹೊಡೆಯುವ ಮಷಿನ್ನು ಈಗ ಸಾಮಾನ್ಯ. ಸೈಕಲ್ಲಿಗೆ ಕೂರಿಸುವ ಅದರ ಎಂಜಿನ್ನು ನಿಮಿಷಕ್ಕೆ ಆರು ಸಾವಿರ ಸುತ್ತು ಸುಲಭವಾಗಿ ತಿರುಗುತ್ತದೆ. ಗಂಟೆಗೆ 25 ಕಿಲೋಮೀಟರ್ ಹೋಗಲು ನಮ್ಮ ದೊಡ್ಡ ಸೈಕಲ್ಲಿನ ಚಕ್ರ ನಿಮಿಷಕ್ಕೆ ಸುಮಾರು 190 ಸುತ್ತು ತಿರುಗಿದರೆ ಸಾಕು. ಅಂದರೆ ವೇಗವನ್ನು ಮೂವತ್ತು ಪಾಲಿಗೂ ಹೆಚ್ಚು ಇಳಿಸಬೇಕು. ಒಂದೇ ಚೈನಿನಲ್ಲಿ ಅದು ಆಗದು, ನಡುವೆ ಇನ್ನೊಂದು ಶಾಫ್ಟು ಬೇಕು. ಎಷ್ಟು ಹಲ್ಲಿನ ಸ್ಪ್ರಾಕೆಟ್ಟು, ಎಲ್ಲಿ ವೆಲ್ಡಿಂಗು, ಲೀಟರಿಗೆ ಎಷ್ಟು ಟೂಟಿ ಆಯಿಲ್ಲು ಎಂಬ ಲೆಕ್ಕ ಮಾಡುತ್ತ ಮಾಡುತ್ತ ಹುಡುಗನಿಗೆ ಗಣಿತ, ಭೌತಶಾಸ್ತ್ರ ಎರಡೂ ಕೈಗೆ ಹತ್ತುತ್ತವೆ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕು ಮಾಡಿ 2019ರಲ್ಲಿ ದೇಶದ ಗಮನ ಸೆಳೆದದ್ದು ನಿಮಗೆ ನೆನಪಿರಬೇಕು. ಒಂದು ಸಣ್ಣ ಎಂಜಿನ್ನು, ಒಂದು ಸೀಟು, ನಾಲ್ಕಾರು ಬಿಡಿಭಾಗ. ತೋಟದ ಕಷ್ಟ ಬಲ್ಲವರೇ ಯಂತ್ರಕ್ಕೆ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಿಸಿಲಿಗೆ ಬರವಿಲ್ಲದ ಜಗಳೂರಿನ ಗೆಳೆಯರು ಬ್ಯಾಟರಿ, ಸೋಲಾರ್ ಕಡೆ ಹೋದರೆ ಇನ್ನೂ ಒಳ್ಳೆಯದು.

ಒಂದು ವಿಷಯ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. 12 ಕಿಲೋಮೀಟರ್ ವೇಗ 24 ಆದರೆ ಬ್ರೇಕು ತಡೆಯಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಳೆಯ ಸೈಕಲ್ಲಿನ ರಬ್ಬರ್ ಕಟ್ಟೆ ಒದ್ದೆ ರಿಮ್ಮಿನ ಮೇಲೆ ಆ ಭಾರ ತಡೆಯುವುದಿಲ್ಲ. ಆದ್ದರಿಂದ ಎಂಜಿನ್ನು ಕೊಳ್ಳುವ ದುಡ್ಡಿನಲ್ಲಿ ಮೊದಲು ಒಳ್ಳೆಯ ಬ್ರೇಕು ಹಾಕಿಸಿ, ಸಡಿಲವಾದ ಕಡ್ಡಿ ಬಿಗಿಸಿ, ಹೆಲ್ಮೆಟ್ ತೆಗೆದುಕೊಳ್ಳಿ.

ಕಾನೂನೂ ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು ಎಂಜಿನ್ನು 25 ಸಿ.ಸಿ. ಮೀರದಿದ್ದರೆ ಅದು ಮೋಟಾರು ವಾಹನವಲ್ಲ. ಬ್ಯಾಟರಿಯದಾದರೆ ಮೋಟಾರು 250 ವಾಟಿಗಿಂತ ಕಡಿಮೆ, ವೇಗ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ತೂಕ 60 ಕಿಲೋ ದಾಟಬಾರದು. ತೋಟದ ಮಷಿನ್ನುಗಳಲ್ಲಿ ಬಹಳಷ್ಟು 35, 43, 52 ಸಿ.ಸಿ.ಯವು, ಮಿತಿ ಮೀರಿದವು. ಅಂಥ ಎಂಜಿನ್ನು ಕೂರಿಸಿದ ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ಓಡಿಸಿ ತೋರಿಸಿ, ಸಂತೋಷಪಡೋಣ, ರಸ್ತೆಗೆ ಇಳಿಸಬೇಡಿ. ಈ ಮಿತಿ ನಿಮ್ಮ ಆಸೆಗೆ ಅಡ್ಡಿಯೆಂದು ನನಗನ್ನಿಸುವುದಿಲ್ಲ. ಸೂಳೆಕೆರೆಯ ಏರಿಯ ಮೇಲೆ, ಹೊನ್ನಾಳಿಯ ತುಂಗಭದ್ರಾ ದಂಡೆಯ ಗದ್ದೆಬಯಲಲ್ಲಿ 20ರ ವೇಗದಲ್ಲಿ ಹೋದವನಿಗೆ ಕಾಣುವುದು 80ರಲ್ಲಿ ಹೋದವನಿಗೆ ಕಾಣುವುದಿಲ್ಲ.

ತಂದೆತಾಯಂದಿರಲ್ಲಿ ಒಂದು ಕೋರಿಕೆ. ಮಗ ಹಳೇ ಸೈಕಲ್ ಬಿಚ್ಚಿ ಪಡಸಾಲೆ ತುಂಬ ಹರಡಿದ್ದರೆ ಗದರಬೇಡಿ. ಮಗಳು ಸ್ಪ್ಯಾನರ್ ಕೇಳಿದರೆ ಅವಳ ಕೈಗೂ ಕೊಡಿ. ಮೇಷ್ಟ್ರುಗಳು ಹೈಸ್ಕೂಲಿನ ಮಕ್ಕಳನ್ನು ಇಲ್ಲಿಗೆ ಕರೆತನ್ನಿ, ಅವರು ಕೇಳಿದಷ್ಟೂ ಕೇಳಲಿ.

ಪ್ರದರ್ಶನವನ್ನು ಬಹಳ ಸಂತೋಷದಿಂದ ಉದ್ಘಾಟಿಸಿದ್ದೇನೆ. ನೋಡಲು ಬಂದವರು ಬೆಲೆ ಕೇಳುವ ಮೊದಲು ಬ್ರೇಕು ಹಿಡಿದು ನೋಡಿ, ಆಮೇಲೆ ಮಾಡಿದವರ ಹತ್ತಿರ ನಿಂತು ನಾಲ್ಕು ಮಾತಾಡಿ ಹೋಗಿ.