ಕ್ಲಬ್ಬು ಕೈಬಿಟ್ಟ ಹುಡುಗರು
(ಯುವಜನರ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ನಮ್ಮ ಊರಿನ ಹುಡುಗರು ಶನಿವಾರ ರಾತ್ರಿ ನಿದ್ದೆಗೆಟ್ಟು ಇಂಗ್ಲೆಂಡಿನ ಕಾಲ್ಚೆಂಡಾಟ ನೋಡುತ್ತಾರೆ. ಮ್ಯಾಂಚೆಸ್ಟರ್, ಲಿವರ್‌ಪೂಲ್ ತಂಡಗಳ ಹೆಸರಿನ ಅಂಗಿ ಈಗ ಸಂತೆಯಲ್ಲೂ ಸಿಗುತ್ತದೆ. ಇದನ್ನು ಹಳಿಯಲು ನಾವು ಇಲ್ಲಿ ನಿಂತಿಲ್ಲ. ಆಟ ಚೆನ್ನಾಗಿದೆ, ನೋಡಲಿ. ಆದರೆ ಪರದೆಯ ಮೇಲೆ ಓಡುವ ಹನ್ನೊಂದು ಮಂದಿಯ ಹಿಂದೆ, ಅಲ್ಲಿಗೆ ತಲಪದೆ ಉಳಿದ ಹುಡುಗರ ದೊಡ್ಡ ಸಾಲೊಂದಿದೆ. ಅವರ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ದುಡಿಮೆಗಾರರ ಪ್ರಶ್ನೆಯೆಂದರೆ ಗಿರಣಿ, ಗಣಿ, ಕಾಫಿ ತೋಟ ಇಷ್ಟೇ ಎಂದು ತಿಳಿದವರಿಗೆ ಇದು ವಿಚಿತ್ರವೆನಿಸಬಹುದು.

ಅಲ್ಲಿನ ವೃತ್ತಿಪರ ಕ್ಲಬ್ಬುಗಳು ಅಕಾಡೆಮಿಗಳೆಂಬ ತರಬೇತಿ ಶಾಲೆಗಳನ್ನು ನಡೆಸುತ್ತವೆ. ಒಂಬತ್ತು ವರ್ಷದೊಳಗಿನವರ ತಂಡಕ್ಕೆ ಹುಡುಗನನ್ನು ಆರಿಸಿದರೆ ಅವನ ಹೆಸರು ಕ್ಲಬ್ಬಿನ ದಫ್ತರಕ್ಕೆ ಏರುತ್ತದೆ. ಅಂದರೆ ಎಂಟು ವರ್ಷದ ಕೂಸು! ಅಂದಿನಿಂದ ಶಾಲೆ ಬಿಟ್ಟ ಕೂಡಲೆ ತಾಯಿಯೋ ತಂದೆಯೋ ಅವನನ್ನು ಮೈದಾನಕ್ಕೆ ಕರೆದೊಯ್ಯಬೇಕು. ಗೆಳೆಯರ ಹುಟ್ಟುಹಬ್ಬ, ಶಾಲೆಯ ಪ್ರವಾಸ, ಬೇರೆ ಆಟ, ಎಲ್ಲವೂ ಹಿಂದೆ ಬೀಳುತ್ತವೆ. ಹದಿನಾರಕ್ಕೆ ಮತ್ತೆ ಆಯ್ಕೆಯಾದರೆ ಎರಡು ವರ್ಷದ ಒಪ್ಪಂದ, ಅದರಲ್ಲಿ ಅಷ್ಟಿಷ್ಟು ಪಾಠ. ಹದಿನೆಂಟಕ್ಕೆ ವೃತ್ತಿಯ ಒಪ್ಪಂದ, ಇಲ್ಲವೆ ಬಾಗಿಲು. ಈ ಅಕಾಡೆಮಿಗಳಲ್ಲಿ ಹತ್ತು ಸಾವಿರದ ಆಸುಪಾಸು ಹುಡುಗರಿದ್ದಾರೆ. ಬಹುಪಾಲು ಮಂದಿಗೆ ಸಿಗುವುದು ಬಾಗಿಲೇ.

ಆಯ್ಕೆ ಎಂದಮೇಲೆ ಬಿಡುವುದೂ ಇದ್ದದ್ದೇ ಎನ್ನುವಿರಿ. ಒಪ್ಪಿದೆವು. ಎಲ್ಲರೂ ತಂಡದಲ್ಲಿ ಆಡಲಾಗದು. ನಮ್ಮ ತಕರಾರು ಅದಲ್ಲ. 2012ರಲ್ಲಿ ಅಲ್ಲಿನ ಪ್ರೀಮಿಯರ್ ಲೀಗ್ ಈ ತರಬೇತಿಗೆ ಹೊಸ ವ್ಯವಸ್ಥೆಯೊಂದನ್ನು ತಂದಿತು. ಒಂದು ಕ್ಲಬ್ಬು ತರಬೇತು ಮಾಡಿದ ಹುಡುಗನನ್ನು ಇನ್ನೊಂದು ಕ್ಲಬ್ಬು ಒಯ್ದರೆ ತೆರಬೇಕಾದ ಪರಿಹಾರಕ್ಕೆ ಅದರಲ್ಲಿ ದರಪಟ್ಟಿಯೇ ಇತ್ತು. ಒಂಬತ್ತರಿಂದ ಹನ್ನೊಂದರ ವಯಸ್ಸಿನ ತರಬೇತಿಗೆ ವರ್ಷಕ್ಕೆ 3,000 ಪೌಂಡು. ಹನ್ನೆರಡರಿಂದ ಹದಿನಾರರವರೆಗೆ, ಅಕಾಡೆಮಿಯ ದರ್ಜೆ ನೋಡಿಕೊಂಡು, ವರ್ಷಕ್ಕೆ 12,500ರಿಂದ 40,000 ಪೌಂಡು. ನಮ್ಮ ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಿ ಬೆಲೆ ಕಟ್ಟುತ್ತಾರಲ್ಲ, ಆ ನೆನಪಾಗುತ್ತದೆ. ಹುಡುಗ ಕೈತಪ್ಪಿದರೆ ಕ್ಲಬ್ಬಿಗೆ ಆಗುವ ನಷ್ಟವನ್ನು ವರ್ಷದ ಲೆಕ್ಕದಲ್ಲಿ ಎಣಿಸಬಲ್ಲರು. ಕ್ಲಬ್ಬು ಹುಡುಗನನ್ನು ಕೈಬಿಟ್ಟರೆ ಅವನು ಕಳೆದುಕೊಂಡ ವರ್ಷಗಳಿಗೆ ದರಪಟ್ಟಿ ಎಲ್ಲಿದೆ?

ಅವನ ನಷ್ಟ ಬರಿಯ ಹಣದ್ದಲ್ಲ. ಎಂಟು ವರ್ಷದಿಂದ ಶಾಲೆಯಲ್ಲಿ, ಬೀದಿಯಲ್ಲಿ, ನೆಂಟರ ಮನೆಯಲ್ಲಿ ಎಲ್ಲರೂ ಅವನನ್ನು ಗುರುತಿಸಿದ್ದು ಆಟಗಾರನೆಂದೇ. ಒಂದು ಬೆಳಿಗ್ಗೆ ಕಚೇರಿಗೆ ಕರೆದು ಹತ್ತು ನಿಮಿಷದಲ್ಲಿ ಆ ಗುರುತನ್ನು ಕಿತ್ತುಕೊಂಡರೆ ಅವನು ಯಾರು? ನಮ್ಮಲ್ಲಿ ಎಸ್.ಎಸ್.ಎಲ್.ಸಿ. ನಪಾಸಾದವನಿಗೆ ಮತ್ತೆ ಪರೀಕ್ಷೆ ಬರೆಯುವ ಅವಕಾಶವಾದರೂ ಉಂಟು. ಇಂಥ ಹುಡುಗರನ್ನು ಕುರಿತು 2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು, ಕೈಬಿಟ್ಟ ಮೂರು ವಾರದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ವೈದ್ಯರು ಗಮನಿಸಬೇಕಾದಷ್ಟು ಮನೋವೇದನೆಯಲ್ಲಿದ್ದರೆಂದು ಕಂಡಿತು. 2020ರ ಅಕ್ಟೋಬರಿನಲ್ಲಿ, ಮ್ಯಾಂಚೆಸ್ಟರಿನ ದೊಡ್ಡ ಅಕಾಡೆಮಿಯೊಂದರಿಂದ ಹೊರಬಂದಿದ್ದ ಹದಿನೆಂಟರ ಹುಡುಗನೊಬ್ಬ ತೀರಿಕೊಂಡ. ಒಂದು ಸಾವಿನ ಕಾರಣವನ್ನು ಇಷ್ಟು ದೂರದಲ್ಲಿ ಕುಳಿತು ನಿರ್ಣಯಿಸುವುದು ತಪ್ಪು. ನಾವು ಆ ಕೆಲಸ ಮಾಡುವುದಿಲ್ಲ. ಆದರೆ ಬಿಡುಗಡೆಯಾದ ಹುಡುಗರನ್ನು ಆಮೇಲೆ ಯಾರು ವಿಚಾರಿಸುತ್ತಾರೆಂಬ ಪ್ರಶ್ನೆ ಆ ದೇಶದಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಆ ಬಳಿಕ.

ಕ್ಲಬ್ಬುಗಳು ತಾವಾಗಿ ಉದಾರವಾದದ್ದು ಕಡಮೆ ಎಂಬುದಕ್ಕೆ ಅಲ್ಲಿನ ಚರಿತ್ರೆಯೇ ಸಾಕ್ಷಿ. ಬಿಲ್ಲಿ ಮೆರಿಡಿತ್ ಎಂಬ ಹೆಸರಾಂತ ಆಟಗಾರ ಹುಡುಗನಾಗಿದ್ದಾಗಲೆ ವೇಲ್ಸಿನ ಕಲ್ಲಿದ್ದಲ ಗಣಿಗೆ ಇಳಿದವನು. ಅವನೂ ಜೊತೆಗಾರರೂ 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಟಗಾರರ ಸಂಘ ಕಟ್ಟಿದರು. ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ಕಟ್ಟಳೆ ಮುರಿದದ್ದು 1961ರಲ್ಲಿ, ಆಟಗಾರರು ಮುಷ್ಕರಕ್ಕೆ ಸಿದ್ಧರಾದಮೇಲೆ. ಒಪ್ಪಂದ ಮುಗಿದರೂ ಆಟಗಾರನನ್ನು ಕಟ್ಟಿಹಾಕುವ ಪದ್ಧತಿ ನ್ಯಾಯವಲ್ಲವೆಂದು ಜಾರ್ಜ್ ಈಸ್ಟ್‌ಹ್ಯಾಮರ ಮೊಕದ್ದಮೆಯಲ್ಲಿ ನ್ಯಾಯಾಲಯ ಹೇಳಿದ್ದು 1963ರಲ್ಲಿ. ಅಂದಿನ ಜಗಳ ಬಿಟ್ಟುಹೋಗುವ ಹಕ್ಕಿಗಾಗಿ. ಇಂದಿನದು ಹೊರಹಾಕಿದಮೇಲಿನ ಬದುಕಿಗಾಗಿ. ಸಂಘ ಇಂದಿಗೂ ಇದೆ, ಬಿಟ್ಟವರಿಗೂ ನೆರವು ಕೊಡುತ್ತದೆ. ಆದರೆ ಹದಿನಾರು ತುಂಬದ ಹುಡುಗ ಕಾಗದದ ಮೇಲೆ ಕೆಲಸಗಾರನಲ್ಲ. ಆದ್ದರಿಂದ ಸಂಘದ ಸದಸ್ಯನೂ ಅಲ್ಲ. ದರಪಟ್ಟಿಯಲ್ಲಿ ಮಾತ್ರ ಅವನಿಗೆ ಜಾಗವುಂಟು.

ನಮ್ಮ ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ಕಾರ್ಖಾನೆಗಳ ತಂಡಗಳು ಮೆರೆದ ಕಾಲವನ್ನು ಹಿರಿಯರು ಬಲ್ಲರು. ಅವು ಎಲ್ಲರಿಗೂ ತೆರೆದ ಬಾಗಿಲಾಗಿರಲಿಲ್ಲ ನಿಜ. ಆದರೂ ಅಲ್ಲಿ ಕೆಲಸಕ್ಕೆ ಸೇರಿದ ಆಟಗಾರನ ಮಂಡಿ ಕೆಟ್ಟರೆ ಮೈದಾನ ತಪ್ಪುತ್ತಿತ್ತು, ಹಾಜರಿ ಪುಸ್ತಕದ ಹೆಸರು ತಪ್ಪುತ್ತಿರಲಿಲ್ಲ. ಆಟವನ್ನು ಪೂರಾ ವ್ಯಾಪಾರ ಮಾಡಿದ ಕಡೆ ಈ ಆಸರೆ ಉಳಿಯಲಿಲ್ಲ.

ಏನೂ ನಡೆದೇ ಇಲ್ಲವೆಂದರೆ ಸುಳ್ಳಾದೀತು. ಕೆಳ ದರ್ಜೆಯ ಕ್ಲಬ್ಬುಗಳ ತರುಣರ ವಿದ್ಯಾಭ್ಯಾಸ ನೋಡಿಕೊಳ್ಳಲು ಆಟಗಾರರ ಸಂಘವೂ ಲೀಗೂ ಕೂಡಿ 2004ರಲ್ಲಿ ಒಂದು ಸಂಸ್ಥೆ ಮಾಡಿದವು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬು, ಹದಿನೆಂಟು ದಾಟಿ ಬಿಡುಗಡೆಯಾಗುವ ಆಟಗಾರರನ್ನು ಮೂರು ವರ್ಷ ವಿಚಾರಿಸಿಕೊಳ್ಳುವ ಏರ್ಪಾಡು ಪ್ರಕಟಿಸಿತು. ಬೇರೆ ಕ್ಲಬ್ಬು ಹುಡುಕಿಕೊಡುವುದು, ಓದಿಗೋ ಉದ್ಯೋಗಕ್ಕೋ ದಾರಿ ತೋರುವುದು, ಮನಸ್ಸಿನ ಆರೋಗ್ಯ ನೋಡುವುದು ಅದರ ಕೆಲಸ. ಒಳ್ಳೆಯದೇ. ಆದರೆ ಇದನ್ನು ದಾನವೆಂದು ಹೊಗಳಲು ನಾವು ಒಪ್ಪುವುದಿಲ್ಲ. ಇದು ಬಾಕಿ ಉಳಿದ ಕೂಲಿ.

ಮೂರು ವರ್ಷದ ವಿಚಾರಣೆ ಹದಿಮೂರು, ಹದಿನಾಲ್ಕರಲ್ಲಿ ಹೊರಬಿದ್ದವನಿಗೂ ಸಲ್ಲಬೇಕು. ಅವನು ಮತ್ತೆ ತನ್ನ ಶಾಲೆಯ ಹಿಂದಿನ ಬೆಂಚಿಗೇ ಹೋಗುವವನು. ಅಲ್ಲಿನ ಮೇಷ್ಟರಿಗೆ ಕ್ಲಬ್ಬಿನಿಂದ ಒಂದು ಕಾಗದವಾದರೂ ಹೋಗಬೇಡವೆ? ಖರ್ಚು ಎಲ್ಲಿಂದ ಎಂದು ಕೇಳುವವರಿಗೆ ಆ ಪರಿಹಾರದ ಹಣವನ್ನೇ ತೋರಿಸುತ್ತೇವೆ. ಕ್ಲಬ್ಬಿಂದ ಕ್ಲಬ್ಬಿಗೆ ಹೋಗುವ ಪ್ರತಿ ನೂರು ಪೌಂಡಿನಲ್ಲಿ ಇಂತಿಷ್ಟು ಎಂದು ತೆಗೆದು, ಕೈಬಿಟ್ಟ ಹುಡುಗರ ಹೆಸರಿನ ನಿಧಿಗೆ ಹಾಕಲಿ. ಆ ನಿಧಿ ಕ್ಲಬ್ಬುಗಳ ಕೈಯಲ್ಲಿರದೆ ಆಟಗಾರರ ಸಂಘದ ಕೈಯಲ್ಲಿರಲಿ.

ಮುಂದಿನ ಸಾಲಿನ ತರುಣರು ಆಗಿನಿಂದ ಕೈಯೆತ್ತುತ್ತಿದ್ದೀರಿ. ಕೇಳಿ.