ಆಯ್ಕೆಯ ಬೆನ್ನಿಗೇ ಬಂದ ಸಲಹೆಗಾರ

ವಿಶ್ವವಿದ್ಯಾಲಯ ಸೇರಿದ ವಿದ್ಯಾರ್ಥಿ ಯಾವ ವಿಷಯ ಓದಬೇಕು, ಯಾವ ಸೆಮಿಸ್ಟರಿನಲ್ಲಿ ಯಾವ ಕೋರ್ಸು ತೆಗೆದುಕೊಳ್ಳಬೇಕು, ಒಂದು ಪತ್ರಿಕೆಯಲ್ಲಿ ಫೇಲಾದರೆ ಮುಂದೇನು? ಇಂಥ ಪ್ರಶ್ನೆಗಳನ್ನು ಜೊತೆಗೆ ಕೂತು ಬಿಡಿಸಲು ಸಂಸ್ಥೆಯೇ ಒಬ್ಬರನ್ನು ನೇಮಿಸುವ ವ್ಯವಸ್ಥೆಗೆ ಶೈಕ್ಷಣಿಕ ಸಲಹೆ ಎನ್ನುತ್ತಾರೆ. ಈ ಪದ್ಧತಿ ಒಂದು ವೃತ್ತಿಯಾಗಿ ಬೆಳೆದದ್ದು ಅಮೆರಿಕದಲ್ಲಿ.

1636ರಲ್ಲಿ ಹಾರ್ವರ್ಡ್ ಕಾಲೇಜು ಸ್ಥಾಪನೆಯಾದಾಗ ಇಂಥ ಸಲಹೆಗಾರರ ಅಗತ್ಯವೇ ಇರಲಿಲ್ಲ. ಲ್ಯಾಟಿನ್, ಗ್ರೀಕ್, ಹೀಬ್ರೂ, ತರ್ಕಶಾಸ್ತ್ರ ಎಲ್ಲರಿಗೂ ಕಡ್ಡಾಯ. ಪಾಠ ಹೇಳುವ ಟ್ಯೂಟರ್‌ಗಳೂ ವಿದ್ಯಾರ್ಥಿಗಳೊಂದಿಗೇ ವಾಸವಿದ್ದು ಅವರ ಓದು, ಪ್ರಾರ್ಥನೆ, ನಡತೆಯ ಮೇಲೆ ಕಣ್ಣಿಡುತ್ತಿದ್ದರು. ಬುದ್ಧಿವಾದಕ್ಕೆ ಬರವಿರಲಿಲ್ಲ, ಆದರೆ ಆರಿಸಿಕೊಳ್ಳಲು ಏನೂ ಇರಲಿಲ್ಲ. ಥಾಮಸ್ ಜೆಫರ್ಸನ್ ಸ್ಥಾಪಿಸಿದ ವರ್ಜೀನಿಯಾ ವಿಶ್ವವಿದ್ಯಾಲಯ 1825ರಲ್ಲಿ ತರಗತಿ ಆರಂಭಿಸಿದಾಗ ವಿಷಯ ಆರಿಸುವ ಅವಕಾಶ ಕೊಟ್ಟಿತಾದರೂ ಅದು ಹಲವು ದಶಕಗಳ ಕಾಲ ಅಪವಾದವಾಗಿಯೇ ಉಳಿಯಿತು.

ಪರಿಸ್ಥಿತಿಯನ್ನು ಬುಡಸಹಿತ ಬದಲಿಸಿದವರು ಚಾರ್ಲ್ಸ್ ವಿಲಿಯಂ ಎಲಿಯಟ್. 1869ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ಹಾರ್ವರ್ಡಿನ ಅಧ್ಯಕ್ಷರಾದ ಈ ರಸಾಯನಶಾಸ್ತ್ರಜ್ಞ ನಲವತ್ತು ವರ್ಷ ಆ ಸ್ಥಾನದಲ್ಲಿದ್ದರು. ಕಡ್ಡಾಯ ವಿಷಯಗಳನ್ನು ಒಂದೊಂದಾಗಿ ತೆಗೆದು ಐಚ್ಛಿಕ ಕೋರ್ಸುಗಳಿಗೆ ಬಾಗಿಲು ತೆರೆದರು. ಆ ಶತಮಾನ ಮುಗಿಯುವ ಹೊತ್ತಿಗೆ ಕಡ್ಡಾಯವಾಗಿ ಉಳಿದದ್ದು ಹೆಚ್ಚುಕಡಿಮೆ ಇಂಗ್ಲಿಷ್ ರಚನೆ ಮಾತ್ರ. ಸ್ವಾತಂತ್ರ್ಯವೇನೋ ಸಿಕ್ಕಿತು. ಆದರೆ ಹದಿನೆಂಟರ ಹುಡುಗರು ಒಂದಕ್ಕೊಂದು ಸಂಬಂಧವಿಲ್ಲದ ಪ್ರಾಥಮಿಕ ಕೋರ್ಸುಗಳನ್ನೇ ಸಾಲಾಗಿ ಓದಿ ಪದವಿ ಪಡೆಯುತ್ತಿದ್ದಾರೆ ಎಂಬ ದೂರೂ ಜೊತೆಗೇ ಬಂತು. ವಿದ್ಯಾರ್ಥಿಗಳನ್ನು ನೋಡಿಕೊಳ್ಳಲು 1870ರಲ್ಲಿ ಎಫ್ರೈಮ್ ಗರ್ನಿ ಹಾರ್ವರ್ಡ್ ಕಾಲೇಜಿನ ಮೊದಲ ಡೀನ್ ಆದರು. 1880ರ ದಶಕದ ಕೊನೆಗೆ ಹೊಸ ವಿದ್ಯಾರ್ಥಿಗಳಿಗಾಗಿಯೇ ಸಲಹೆಗಾರರ ಮಂಡಳಿ ರಚನೆಯಾಯಿತು.

ಬಾಲ್ಟಿಮೋರಿನಲ್ಲಿ 1876ರಲ್ಲಿ ಆರಂಭವಾದ ಜಾನ್ಸ್ ಹಾಪ್‌ಕಿನ್ಸ್ ಬೇರೆ ದಾರಿ ಹಿಡಿಯಿತು. ಅಧ್ಯಕ್ಷ ಡೇನಿಯಲ್ ಕಾಯ್ಟ್ ಗಿಲ್ಮನ್ ಪೂರ್ತಿ ಸ್ವಾತಂತ್ರ್ಯವನ್ನೂ ಒಪ್ಪಲಿಲ್ಲ, ಪೂರ್ತಿ ಕಡ್ಡಾಯವನ್ನೂ ಒಪ್ಪಲಿಲ್ಲ. ಒಂದಕ್ಕೊಂದು ಹೊಂದುವ ಕೋರ್ಸುಗಳನ್ನು ಗುಂಪುಗಳಾಗಿ ಕಟ್ಟಿ, ಗುಂಪು ಆರಿಸಿಕೊಂಡ ವಿದ್ಯಾರ್ಥಿಗೆ ಒಬ್ಬ ಪ್ರಾಧ್ಯಾಪಕರನ್ನು ಸಲಹೆಗಾರರಾಗಿ ಗೊತ್ತುಮಾಡಿದರು. ಕಕ್ಷಿದಾರನಿಗೆ ವಕೀಲ, ರೋಗಿಗೆ ವೈದ್ಯ ಹೇಗೋ ವಿದ್ಯಾರ್ಥಿಗೆ ಸಲಹೆಗಾರ ಹಾಗೆ ಎಂಬುದು ಗಿಲ್ಮನ್ನರ ಕಲ್ಪನೆ. 1889ರಲ್ಲಿ ಎಡ್ವರ್ಡ್ ಹೆರಿಕ್ ಗ್ರಿಫಿನ್ ಅಲ್ಲಿ ಮುಖ್ಯ ಸಲಹೆಗಾರರಾದರು. ಎಲಿಯಟ್ಟರ ನಂತರ ಹಾರ್ವರ್ಡಿನ ಅಧ್ಯಕ್ಷರಾದ ಅಬ್ಬಟ್ ಲಾರೆನ್ಸ್ ಲೋವೆಲ್ ಕೂಡ ಒಂದು ಮುಖ್ಯ ವಿಷಯ, ಸುತ್ತ ಹರಡಿಕೊಂಡ ಇತರ ವಿಷಯಗಳು ಎಂಬ ಚೌಕಟ್ಟಿಗೇ ಬಂದರು.

ಕಾಗದದ ಮೇಲೆ ಸೊಗಸಾಗಿದ್ದ ಈ ವ್ಯವಸ್ಥೆ ನಡೆದದ್ದು ಅಷ್ಟು ಸೊಗಸಾಗಿ ಅಲ್ಲ. ಸಂಶೋಧನೆಯತ್ತ ಮುಖ ಮಾಡಿದ್ದ ಪ್ರಾಧ್ಯಾಪಕರಿಗೆ ಇದು ಹೆಚ್ಚುವರಿ ಕೆಲಸ, ಬಡ್ತಿಗೂ ಲೆಕ್ಕವಿಲ್ಲದ್ದು. ಎಷ್ಟೋ ಕಡೆ ಸಲಹೆಯೆಂದರೆ ಸೆಮಿಸ್ಟರಿನ ಆರಂಭದಲ್ಲಿ ನೋಂದಣಿ ಕಾರ್ಡಿಗೆ ಬೀಳುವ ಒಂದು ಸಹಿ, ಅಷ್ಟೇ.

ಎರಡನೇ ಮಹಾಯುದ್ಧದ ನಂತರ ಸಹಿಯಿಂದ ಕೆಲಸ ನಡೆಯುವಂತಿರಲಿಲ್ಲ. 1944ರ ಜಿ.ಐ. ಬಿಲ್ ಎಂಬ ಕಾಯ್ದೆಯ ನೆರವಿನಿಂದ ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಸೇರಿದರು. ಅವರಲ್ಲಿ ಹೆಂಡತಿ ಮಕ್ಕಳಿದ್ದವರಿದ್ದರು, ಮನೆಯಲ್ಲಿ ಅದುವರೆಗೆ ಯಾರೂ ಕಾಲೇಜಿನ ಮುಖ ಕಾಣದವರಿದ್ದರು. ನಂತರದ ದಶಕಗಳಲ್ಲಿ ಎರಡು ವರ್ಷದ ಪದವಿ ಕೊಡುವ ಸಮುದಾಯ ಕಾಲೇಜುಗಳು ಬೆಳೆದವು, ಕಪ್ಪು ಜನಾಂಗದವರು, ಬಡವರು, ದುಡಿಯುತ್ತಲೇ ಓದುವವರು ಬಂದರು. ಇವರಿಗೆ ಕೋರ್ಸಿನ ಪಟ್ಟಿಯಷ್ಟೇ ಕಷ್ಟವಾದದ್ದು ಸಂಸ್ಥೆಯ ನಿಯಮಗಳ ಒಳದಾರಿ.

ಈ ಹಿನ್ನೆಲೆಯಲ್ಲಿ 1972ರಲ್ಲಿ ಎರಡು ಲೇಖನಗಳು ಪ್ರಕಟವಾದವು. ಬರ್ನ್ಸ್ ಕ್ರುಕ್‌ಸ್ಟನ್ ಸಲಹೆಯನ್ನು ಬೋಧನೆಯದೇ ಒಂದು ರೂಪವೆಂದು ವಾದಿಸಿದರು: ಹೀಗೆ ಮಾಡು ಎಂದು ಚೀಟಿ ಬರೆದುಕೊಡುವುದು ಒಂದು ಬಗೆ, ವಿದ್ಯಾರ್ಥಿ ತಾನೇ ನಿರ್ಧರಿಸಲು ಕಲಿಯುವಂತೆ ಮಾಡುವುದು ಇನ್ನೊಂದು ಬಗೆ. ಟೆರಿ ಒಬಾನಿಯನ್ ಕ್ರಮವನ್ನೇ ಸೂಚಿಸಿದರು. ಮೊದಲು ಬದುಕಿನ ಗುರಿ, ನಂತರ ವೃತ್ತಿ, ಆಮೇಲೆ ಪದವಿ, ಕೋರ್ಸು, ಕೊನೆಗೆ ವೇಳಾಪಟ್ಟಿ. ಬಹುಪಾಲು ಕಾಲೇಜುಗಳು ಕೊನೆಯದರಿಂದಲೇ ಶುರುಮಾಡುತ್ತಿದ್ದವು; ಇಂದಿಗೂ ಹಾಗೆ ಮಾಡುವವು ಕಡಿಮೆಯೇನಲ್ಲ. 1977ರಲ್ಲಿ ವರ್ಮಾಂಟಿನ ಬರ್ಲಿಂಗ್ಟನ್ನಿನಲ್ಲಿ ಸಲಹೆಗಾರರ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು, 1979ರಲ್ಲಿ ಅವರದೇ ಸಂಘ ನಕಾಡ ಸ್ಥಾಪನೆಯಾಯಿತು. ಪಾಠ ಮಾಡದೆ ಸಲಹೆಯನ್ನೇ ಪೂರ್ಣಾವಧಿ ಕೆಲಸವಾಗಿ ಮಾಡುವವರ ವರ್ಗವೊಂದು ಬೆಳೆಯಿತು.

ಸಲಹೆಯಿಂದ ನಿಜಕ್ಕೂ ಲಾಭವಿದೆಯೇ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಬಂದದ್ದು ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದಿಂದ. ಅದರ ಸಮುದಾಯ ಕಾಲೇಜುಗಳಲ್ಲಿ 2007ರಲ್ಲಿ ಆರಂಭವಾದ ಆಸಾಪ್ ಯೋಜನೆಯಲ್ಲಿ ಬೇರೆಡೆ ನೂರಾರು ಮಂದಿಗೆ ಒಬ್ಬರಿದ್ದ ಸಲಹೆಗಾರರು ಅರವತ್ತರಿಂದ ಎಂಬತ್ತು ಮಂದಿಗೆ ಒಬ್ಬರಾದರು, ವಿದ್ಯಾರ್ಥಿ ಅವರನ್ನು ಪದೇ ಪದೇ ಭೇಟಿಯಾಗುವುದು ಕಡ್ಡಾಯವಾಯಿತು. ಶುಲ್ಕದ ಕೊರತೆ ತುಂಬಲಾಯಿತು, ಪುಸ್ತಕಕ್ಕೆ ನೆರವು, ಓಡಾಟಕ್ಕೆ ಉಚಿತ ಪಾಸು ಸಿಕ್ಕಿತು. ಸುಮಾರು 900 ಬಡ ವಿದ್ಯಾರ್ಥಿಗಳನ್ನು ಲಾಟರಿಯಂತೆ ಎರಡು ಗುಂಪು ಮಾಡಿ ನೋಡಿದಾಗ, ಮೂರು ವರ್ಷದೊಳಗೆ ಪದವಿ ಮುಗಿಸಿದವರು ಯೋಜನೆಯ ಗುಂಪಿನಲ್ಲಿ ಶೇಕಡಾ 40, ಮತ್ತೊಂದರಲ್ಲಿ ಶೇಕಡಾ 22. ಇದರಲ್ಲಿ ಸಲಹೆಯ ಪಾಲೆಷ್ಟು, ಬಸ್ ಪಾಸಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಒಟ್ಟಿಗೇ ಇದ್ದವು.

ಅಟ್ಲಾಂಟದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2012ರಿಂದ ಕಂಪ್ಯೂಟರಿನ ನೆರವು ಪಡೆಯಿತು. ಹಳೆಯ ವಿದ್ಯಾರ್ಥಿಗಳ ದಾಖಲೆಗಳಿಂದ ಗುರುತಿಸಿದ ಎಂಟುನೂರಕ್ಕೂ ಹೆಚ್ಚು ಅಪಾಯದ ಸೂಚನೆಗಳಲ್ಲಿ ಒಂದು ಕಂಡರೂ ಸಲಹೆಗಾರರಿಗೆ ಸುದ್ದಿ ಹೋಗುತ್ತದೆ. ತನ್ನ ಮುಖ್ಯ ವಿಷಯದ ಮೊದಲ ಕೋರ್ಸಿನಲ್ಲಿ ಸಾಧಾರಣ ದರ್ಜೆ ಪಡೆದವನನ್ನು ಹಿಂದೆ ಪಾಸಾದನಲ್ಲ ಎಂದು ಬಿಟ್ಟುಬಿಡುತ್ತಿದ್ದರು, ಈಗ ಕರೆಸಿ ಮಾತಾಡುತ್ತಾರೆ. ಇದಕ್ಕಾಗಿ ಸಲಹೆಗಾರರ ಸಂಖ್ಯೆಯನ್ನೂ ಗಣನೀಯವಾಗಿ ಹೆಚ್ಚಿಸಬೇಕಾಯಿತು ಎಂಬುದನ್ನು ಈ ತಂತ್ರಜ್ಞಾನವನ್ನು ಹೊಗಳುವವರು ಕೆಲವೊಮ್ಮೆ ಮರೆಯುತ್ತಾರೆ.

ಭಾರತದ ಕಥೆ ಬೇರೆ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಲಂಡನ್ನಿನ ಮಾದರಿಯವು. ಪಠ್ಯ ನಿಗದಿಪಡಿಸಿ ಪರೀಕ್ಷೆ ನಡೆಸುವುದು ಅವುಗಳ ಕೆಲಸ. 1916ರ ಮೈಸೂರು ವಿಶ್ವವಿದ್ಯಾಲಯದಲ್ಲೂ ಬಹುಕಾಲ ವಿಷಯಗಳ ಜೋಡಣೆ ಮೊದಲೇ ಗೊತ್ತಾಗಿರುತ್ತಿತ್ತು. ಅಮೆರಿಕದ ಪದ್ಧತಿ ಕರ್ನಾಟಕಕ್ಕೆ ಬಂದದ್ದು ಕೃಷಿಯ ಮೂಲಕ. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ ಟೆನೆಸಿ ವಿಶ್ವವಿದ್ಯಾಲಯದ ಸಹಕಾರದಲ್ಲಿ ಬೆಳೆಯಿತು. ಅಲ್ಲಿನ ಸೆಮಿಸ್ಟರು, ಕ್ರೆಡಿಟ್ಟು, ಆಂತರಿಕ ಪರೀಕ್ಷೆಗಳ ಜೊತೆಗೆ ಅಡ್ವೈಸರ್ ಕೂಡ ಬಂದರು. ಸ್ನಾತಕೋತ್ತರ ವಿದ್ಯಾರ್ಥಿಗೆ ಅಧ್ಯಾಪಕರ ಒಂದು ಸಲಹಾ ಸಮಿತಿಯೇ ಇರುತ್ತದೆ. ಯಾವ ಕೋರ್ಸು, ಯಾವ ಸಂಶೋಧನೆ ಎಂಬುದು ಅದರ ಒಪ್ಪಿಗೆಯಿಂದಲೇ ಮುಂದುವರಿಯುತ್ತದೆ.

ಸಾಮಾನ್ಯ ಪದವಿ ಕಾಲೇಜುಗಳಿಗೆ ಆಯ್ಕೆ ಬಂದದ್ದು ತಡವಾಗಿ. ವಿಶ್ವವಿದ್ಯಾಲಯ ಅನುದಾನ ಆಯೋಗ 2015ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯನ್ನು ಮುಂದಿಟ್ಟಿತು. 2021ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ ಮುಕ್ತ ಐಚ್ಛಿಕ ವಿಷಯಗಳೂ ನಾಲ್ಕು ವರ್ಷದ ಪದವಿಯೂ ಬಂದವು. 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಈ ಏರಿಳಿತದಲ್ಲಿ ಒಂದೇ ಕಾಲೇಜಿನ ಸೀನಿಯರ್, ಜೂನಿಯರ್‌ಗಳು ಬೇರೆ ಬೇರೆ ನಿಯಮಗಳಡಿ ಓದಬೇಕಾಯಿತು, ಸಲಹೆಯ ಅಗತ್ಯ ಇಮ್ಮಡಿಯಾಯಿತು.

ಆ ಹೊರೆ ಬಿದ್ದದ್ದು ಮೆಂಟರ್ ಎಂದು ಗೊತ್ತುಮಾಡಿದ ಅಧ್ಯಾಪಕರ ಮೇಲೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ (ನ್ಯಾಕ್), ಕಾಲೇಜುಗಳ ಮೌಲ್ಯಮಾಪನದಲ್ಲಿ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳೆಂದು ಕೇಳಿದ ಮೇಲೆ ಮೆಂಟರ್ ಪುಸ್ತಕಗಳು ಎಲ್ಲೆಡೆ ಕಾಣಿಸಿಕೊಂಡವು: ಅಂಕ, ಹಾಜರಾತಿ, ಪೋಷಕರ ಉದ್ಯೋಗ, ಸಹಿ. ವಿದ್ಯಾರ್ಥಿಗಳು ಹೆಚ್ಚಾಗಿ ತರುವ ಪ್ರಶ್ನೆಗಳು ವಿದ್ಯಾರ್ಥಿವೇತನ, ಹಾಜರಾತಿ ಕೊರತೆ, ಉಳಿದ ಪತ್ರಿಕೆಗಳು, ಮುಂದಿನ ಓದಿನ ಪ್ರವೇಶ ಪರೀಕ್ಷೆಗಳು. ಉತ್ತರಿಸುವವರು ಪೂರ್ಣಾವಧಿ ಸಲಹೆಗಾರರಲ್ಲ, ಪಾಠದ ನಡುವೆ ಬಿಡುವು ಮಾಡಿಕೊಳ್ಳುವ ಅಧ್ಯಾಪಕರು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತಿರುವವರು ವರ್ಷ ವರ್ಷಕ್ಕೆ ನೇಮಕವಾಗುವ ಅತಿಥಿ ಉಪನ್ಯಾಸಕರಾದ್ದರಿಂದ, ಮೊದಲ ವರ್ಷ ಸಿಕ್ಕ ಮೆಂಟರ್ ಮೂರನೇ ವರ್ಷವೂ ಅದೇ ಕಾಲೇಜಿನಲ್ಲಿರುತ್ತಾರೆ ಎಂಬ ಖಾತ್ರಿ ವಿದ್ಯಾರ್ಥಿಗಿಲ್ಲ.