ಕಾರಿನ ಕೀಲೂ ಕೀಲೆಣ್ಣೆಯೂ

ನಮ್ಮ ತಾತನವರ ಎತ್ತಿನ ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ಅದರೊಳಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲೆಸಿದ ಕೀಲೆಣ್ಣೆ. ಸಂತೆಗೆ ಹೊರಡುವ ಮುನ್ನ ಅವರು ಕಡಾಣಿಯನ್ನು ಕಿತ್ತು, ಗಾಲಿಯನ್ನು ಸ್ವಲ್ಪ ಹೊರಕ್ಕೆ ಸರಿಸಿ, ಅಚ್ಚಿಗೆ ಆ ಕಪ್ಪು ಲೇಪವನ್ನು ಸವರದೆ ನೊಗಕ್ಕೆ ಎತ್ತು ಕಟ್ಟಿದವರಲ್ಲ. ಇಂದು ನಮ್ಮ ಬಾಗಿಲಲ್ಲಿ ಗಾಡಿಯ ಬದಲು ಕಾರು ನಿಂತಿದೆ. ಹೊಸದಲ್ಲದಿದ್ದರೂ ಯಾರೋ ಓಡಿಸಿ ಮಾರಿದ್ದು. ಅದಕ್ಕೂ ಅಚ್ಚುಂಟು, ಕೀಲುಂಟು, ಕೀಲೆಣ್ಣೆಯ ಹಸಿವುಂಟು. ಆದರೆ ಅದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ನಾವು ಮರೆಯುತ್ತೇವೆ. ಹೀಗೆ ಮರೆತವನೊಬ್ಬನ ಅನುಭವವನ್ನು ತಮ್ಮ ಮುಂದೆ ಇಡುವುದೇ ಈ ಭಾಷಣದ ಉದ್ದೇಶ.

ಕನ್ನಡ ಪಂಡಿತನಿಗೂ ಕಾರಿನ ಗ್ರೀಸಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಸಂಧಿಯದು. ಮೂವತ್ತು ವರ್ಷಗಳಿಂದ ಮಕ್ಕಳಿಗೆ ಲೋಪ, ಆಗಮ, ಆದೇಶ ಎಂಬ ಮೂರು ಸಂಧಿಗಳನ್ನು ಪಾಠ ಹೇಳುತ್ತ ಬಂದಿದ್ದೇನೆ. ಒಂದಕ್ಷರ ಬಿಟ್ಟುಹೋದರೆ ಲೋಪ, ಹೊಸದೊಂದು ನಡುವೆ ಬಂದು ಸೇರಿದರೆ ಆಗಮ, ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ಕುಳಿತರೆ ಆದೇಶ. ಕಾರಿನ ಸಂಧಿಯಲ್ಲೂ ಇದೇ ಕ್ರಮ. ಮೊದಲು ಗ್ರೀಸು ಲೋಪವಾಗುತ್ತದೆ, ಆಮೇಲೆ ಧೂಳು ಆಗಮವಾಗುತ್ತದೆ, ಕೊನೆಗೆ ಹಳೆಯ ಕೀಲಿನ ಸ್ಥಾನಕ್ಕೆ ಹೊಸ ಕೀಲು ಆದೇಶವಾಗುತ್ತದೆ. ಮೊದಲೆರಡನ್ನು ತಡೆದರೆ ಮೂರನೆಯದರ ಖರ್ಚು ತಪ್ಪುತ್ತದೆ.

ಈ ಕೀಲು ಎಲ್ಲಿದೆ, ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಅಂಬಾಸಡರ್ ಕಾರಿನಲ್ಲಿ ಎಂಜಿನು ಮುಂದಿದ್ದರೂ ತಳ್ಳುತ್ತಿದ್ದದ್ದು ಹಿಂದಿನ ಗಾಲಿಗಳು. ನಮ್ಮ ದೇಶದಲ್ಲಿ ಮುಂದಿನ ಗಾಲಿಗಳೇ ಎಳೆಯುವ ಕಾರು ಮನೆಮನೆಯ ಮಾತಾದದ್ದು ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ರಸ್ತೆಗಿಳಿದ ಮೇಲೆ. ಇಲ್ಲಿ ಮುಂದಿನ ಗಾಲಿಗೆ ಎರಡು ಕೆಲಸ. ಎಂಜಿನಿನ ಬಲದಿಂದ ಉರುಳಲೂ ಬೇಕು, ಸ್ಟಿಯರಿಂಗ್ ತಿರುಗಿಸಿದತ್ತ ಹೊರಳಲೂ ಬೇಕು. ಗುಂಡಿ ಬಂದಾಗ ಮೇಲೆ ಕೆಳಗೆ ಆಡುವುದು ಬೇರೆ. ಉರುಳುತ್ತಿರುವ ಕಬ್ಬಿಣದ ದಂಡವೊಂದು ಮೊಣಕೈಯಂತೆ ಮಡಿಸಿಕೊಂಡೇ ಉರುಳಬೇಕೆಂದರೆ ಸಾಮಾನ್ಯ ಕೀಲು ಸಾಲದು. ಹದಿನೇಳನೆಯ ಶತಮಾನದ ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿಯ ಹೆಸರಿನ ಶಿಲುಬೆಯಾಕಾರದ ಕೀಲೊಂದಿದೆ. ಅದನ್ನು ಬಾಗಿಸಿ ತಿರುಗಿಸಿದರೆ ಒಂದು ತುದಿ ಸಮನಾಗಿ ಸುತ್ತಿದರೂ ಇನ್ನೊಂದು ತುದಿ ಒಂದೊಂದು ಸುತ್ತಿನಲ್ಲಿ ಎರಡೆರಡು ಬಾರಿ ಮುಗ್ಗರಿಸಿ ಓಡುತ್ತದೆ. ಬಾಗು ಹೆಚ್ಚಿದಷ್ಟೂ ಮುಗ್ಗರಿಕೆ ಹೆಚ್ಚು.

ಈ ತೊಡಕನ್ನು ಬಿಡಿಸಿದವರಲ್ಲಿ ಆಲ್ಫ್ರೆಡ್ ರೆಪ್ಪಾ ಎಂಬ ಎಂಜಿನಿಯರು ಪ್ರಮುಖರು. ೧೯೨೦ರ ದಶಕದಲ್ಲಿ ಅವರು ರೂಪಿಸಿದ ಕೀಲಿನಲ್ಲಿ ಹೊರಗೊಂದು ಉಕ್ಕಿನ ಬಟ್ಟಲು, ಒಳಗೊಂದು ಉಕ್ಕಿನ ತಿರುಳು, ಎರಡರಲ್ಲೂ ಕೊರೆದ ಆರು ಕಾಲುವೆ, ಕಾಲುವೆಗೊಂದರಂತೆ ಆರು ಗುಂಡು, ಗುಂಡುಗಳನ್ನು ಹಿಡಿದಿಡಲು ಆರು ಕಿಟಕಿಯ ಒಂದು ಪಂಜರ. ಕೀಲು ಎಷ್ಟೇ ಬಾಗಲಿ, ಗುಂಡುಗಳು ಆ ಕೋನದ ನಟ್ಟನಡುವಿನಲ್ಲಿಯೇ ನಿಲ್ಲುತ್ತವೆ. ಆದ್ದರಿಂದ ಒಳಗಿನ ವೇಗವೂ ಹೊರಗಿನ ವೇಗವೂ ಒಂದೇ. ೧೯೫೯ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಿನಿ ಎಂಬ ಪುಟ್ಟ ಕಾರು ಈ ಬಗೆಯ ಕೀಲನ್ನು ಜನಸಾಮಾನ್ಯರ ಗಾಡಿಗೆ ತಂದಿತು. ಈಗಿನ ಕಾರುಗಳಲ್ಲಿ ಗಾಲಿಯ ಕಡೆಗೆ ಈ ಆರು ಗುಂಡಿನ ಹೊರಗೀಲು, ಗೇರುಪೆಟ್ಟಿಗೆಯ ಕಡೆಗೆ ಸ್ವಲ್ಪ ಒಳಹೊರಗೆ ಸರಿದಾಡಬಲ್ಲ ಒಳಗೀಲು. ಅದು ಅನೇಕ ಕಾರುಗಳಲ್ಲಿ ಮೂರು ಉರುಳೆಗಳದು. ಎರಡಕ್ಕೂ ಮೇಲೆ ಮಡಿಕೆ ಮಡಿಕೆಯಾದ ರಬ್ಬರಿನ ಬೂಟು, ಒಳಗೆ ಗ್ರೀಸು. ಇಷ್ಟೇ ಸಂಸಾರ.

ಇಷ್ಟು ಗಟ್ಟಿಯಾದ ಉಕ್ಕಿನ ಆಯಸ್ಸು ಆ ರಬ್ಬರಿನ ಬೂಟಿನ ಕೈಯಲ್ಲಿದೆ ಎಂಬುದೇ ಸೋಜಿಗ. ಬೂಟು ಹರಿದರೆ ಸುತ್ತುವ ರಭಸಕ್ಕೆ ಗ್ರೀಸು ಹೊರಕ್ಕೆ ಚಿಮ್ಮಿ ಗಾಲಿಯ ಒಳಮೈಗೆ ಮೆತ್ತಿಕೊಳ್ಳುತ್ತದೆ. ಅದೇ ಸೀಳಿನಿಂದ ಧೂಳೂ ನೀರೂ ಒಳಹೊಗುತ್ತವೆ. ಮಿಕ್ಕ ಗ್ರೀಸಿನೊಡನೆ ಮರಳು ಬೆರೆತರೆ ಅದು ಸಾಣೆಯ ಕಲ್ಲಾಗುತ್ತದೆ. ಕೆಲವು ತಿಂಗಳಲ್ಲಿ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಕಾರನ್ನು ಮುಂದಕ್ಕೆ ಬಿಟ್ಟಾಗ ಟಕ್ ಟಕ್ ಟಕ್ ಎಂಬ ಸದ್ದು ಕೇಳಿಸುತ್ತದೆ. ಅದು ಹೊರಗೀಲಿನ ನರಳಾಟ.

ನನ್ನ ಹಳೆಯ ಕಾರಿನ ಬಲಗಡೆಯಲ್ಲಿ ಮೂರು ವರ್ಷದ ಹಿಂದೆ ಈ ಸದ್ದು ಕೇಳಿಸಿತು. ನಮ್ಮೂರಿನ ಮೆಕಾನಿಕನು ನನ್ನ ಹಳೆಯ ವಿದ್ಯಾರ್ಥಿ. ಬಗ್ಗಿ ನೋಡಿ, “ಮೇಷ್ಟ್ರೇ, ಬೂಟು ಹರಿದು ಬಹಳ ದಿನ ಆಗಿದೆ. ಕೀಲೇ ಬದಲಾಯಿಸಬೇಕು. ಗ್ರೀಸು ಹಾಕಿದ್ರೆ ಸದ್ದು ನಿಲ್ಲುತ್ತೆ, ಸವೆತ ನಿಲ್ಲೋದಿಲ್ಲ” ಎಂದ. ನಾನು ಅವನ ಮಾತನ್ನು ಖರ್ಚು ಹೆಚ್ಚಿಸುವ ಉಪಾಯವೆಂದು ತಿಳಿದೆ. ಅವನಿಂದಲೇ ದಂಡವನ್ನು ಬಿಚ್ಚಿಸಿಕೊಂಡು ಮನೆಗೆ ತಂದು, ತೊಳೆದು, ಹೊಸ ಗ್ರೀಸು ತುಂಬಿ, ಹೊಸ ಬೂಟು ಹಾಕಿ, ಮತ್ತೆ ಜೋಡಿಸಿಸಿದೆ. ಸದ್ದು ನಿಂತಿತು. ಮನೆಮಂದಿಗೆಲ್ಲ ಹೇಳಿಕೊಂಡು ತಿರುಗಿದೆ.

ಆರು ವಾರದ ಮೇಲೆ ತಾಯಿಯವರನ್ನೂ ಮಗಳನ್ನೂ ಕೂರಿಸಿಕೊಂಡು ಉಡುಪಿಗೆ ಹೋಗಿ ಹಿಂದಿರುಗುತ್ತಿದ್ದೆ. ಮಳೆಗಾಲದ ಸಂಜೆ. ಆಗುಂಬೆ ಘಾಟಿಯ ಏರಿನಲ್ಲಿ, ಒಂದು ಕಡಿದಾದ ತಿರುವಿನಲ್ಲಿ, ಕೆಳಗಡೆ ಫಟ್ಟೆಂದಿತು. ಎಂಜಿನು ಅರಚುತ್ತಿದೆ, ಕಾರು ಮಾತ್ರ ಮುಂದಕ್ಕೆ ಹೋಗದೆ ಹಿಂದಕ್ಕೆ ಜಾರತೊಡಗಿತು. ಒಂದು ದಂಡದ ಕೀಲು ಮುರಿದರೆ ಇನ್ನೊಂದು ಗಾಲಿಗೂ ಬಲ ಮುಟ್ಟುವುದಿಲ್ಲ. ಗೇರಿನಲ್ಲಿಟ್ಟು ನಿಲ್ಲಿಸಿದರೂ ಕಾರು ನಿಲ್ಲುವುದಿಲ್ಲ. ಬ್ರೇಕನ್ನು ಒತ್ತಿ, ಕೈಬ್ರೇಕನ್ನು ಎಳೆದು ಹಿಡಿದೆ. ಮಗಳು ಮಳೆಯಲ್ಲಿ ಇಳಿದು ಗಾಲಿಯ ಹಿಂದೆ ಕಲ್ಲು ಕೊಟ್ಟಳು. ಹಿಂದಿನಿಂದ ಬಂದ ಲಾರಿಯವರು ದೀಪ ಹಾಕಿ ನಿಂತು ಕಾದರು. ಹಿಂದಿನ ಸೀಟಿನಿಂದ ತಾಯಿಯವರು, “ಸದ್ದು ನಿಂತಿತು ಅಂತ ಹೇಳಿದ್ದೆಯಲ್ಲೋ ಮಗು” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿಯ ಪಾಠದ ಮೇಲೆ ಎಡಗಡೆಯ ಕೀಲನ್ನು ಪರೀಕ್ಷಿಸಿದೆವು. ಅಲ್ಲಿಯೂ ಬೂಟು ಸೀಳಿತ್ತು. ಆದರೆ ಸೀಳು ಹೊಸದು, ಗ್ರೀಸು ಇನ್ನೂ ಒಳಗಿತ್ತು, ಸದ್ದು ಹುಟ್ಟಿರಲಿಲ್ಲ. ಅದನ್ನು ನಾನೇ ತೊಳೆದು ಗ್ರೀಸು ತುಂಬಿದ್ದು ಇವತ್ತಿಗೂ ಓಡುತ್ತಿದೆ. ಎರಡೂ ಕಡೆ ಒಂದೇ ಕೈ, ಒಂದೇ ಗ್ರೀಸು. ಬೇರೆಯಾದದ್ದು ಕಾಲ ಮಾತ್ರ. ಈಗ ಕ್ರಮವನ್ನು ಹೇಳುತ್ತೇನೆ.

ದಂಡವನ್ನು ಕಾರಿನಿಂದ ಬಿಡಿಸುವುದನ್ನೂ ಮರಳಿ ಕೂಡಿಸುವುದನ್ನೂ ಕೈಪಳಗಿದವರಿಗೆ ಬಿಡುವುದು ಮೇಲು. ಗಾಲಿಯ ನಡುವಿನ ದೊಡ್ಡ ನಟ್ಟು ಬಹಳ ಬಿಗಿ. ಗೇರುಪೆಟ್ಟಿಗೆಯಿಂದ ದಂಡವನ್ನೆಳೆದಾಗ ಎಣ್ಣೆ ಸೋರುತ್ತದೆ, ಅದನ್ನು ಮತ್ತೆ ಮಟ್ಟಕ್ಕೆ ತುಂಬಬೇಕು. ತಾವೇ ಮಾಡುವುದಾದರೆ ಒಂದು ಮಾತು ನೆನಪಿರಲಿ: ಜಾಕಿ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಕಾರಿನಡಿಗೆ ಗಟ್ಟಿಯಾದ ಸ್ಟ್ಯಾಂಡನ್ನು ಕೊಡದೆ ಕೈಯನ್ನೂ ಚಾಚಬಾರದು.

ದಂಡ ಮನೆಗೆ ಬಂದ ಮೇಲೆ ಅದನ್ನು ಮರದ ತುಂಡುಗಳ ನಡುವೆ ವೈಸಿನಲ್ಲಿ ಹಿಡಿಸಿ, ಹಳೆಯ ಬೂಟನ್ನು ಕತ್ತರಿಸಿ ತೆಗೆಯಿರಿ. ಗ್ರೀಸನ್ನು ಒರೆಸುವ ಮುನ್ನ ಚೂರು ತೆಗೆದು ಬೆರಳುಗಳ ನಡುವೆ ತಿಕ್ಕಿ ನೋಡಿ. ಬಣ್ಣ ಕಪ್ಪಾಗಿದ್ದರೆ ಹೆದರಬೇಡಿ, ಈ ಗ್ರೀಸಿನ ಬಣ್ಣವೇ ಅದು. ಮರಳಿನಂತೆ ಕರಕರ ಎಂದರೆ, ತುಕ್ಕಿನ ಕೆಂಪು ಕಂಡರೆ, ಬಿಸಿಲಿನಲ್ಲಿ ಲೋಹದ ಹೊಳಪು ಮಿನುಗಿದರೆ ಆಗ ಚಿಂತಿಸಬೇಕು.

ಕೀಲನ್ನು ದಂಡದಿಂದ ಬಿಡಿಸುವ ರೀತಿ ಕಾರಿನಿಂದ ಕಾರಿಗೆ ಬೇರೆ. ಕೆಲವದರಲ್ಲಿ ಸರ್ಕ್ಲಿಪ್ಪನ್ನು ಇಕ್ಕಳದಿಂದ ಅಗಲಿಸಬೇಕು. ಕೆಲವನ್ನು ಮರದ ಸುತ್ತಿಗೆಯಿಂದ ತಟ್ಟಿದರೆ ಕಳಚುತ್ತವೆ. ಹೊರಗೀಲನ್ನು ಬಿಚ್ಚಲೇಬಾರದೆಂದು ತಯಾರಕರು ಹೇಳಿರುವ ಕಾರುಗಳೂ ಉಂಟು. ಅಂಥದನ್ನು ಒಳಗೀಲಿನ ಕಡೆಯಿಂದ ಬೂಟು ಹಾಕಿ, ಹಾಗೆಯೇ ಬಾಗಿಸಿ ಬಾಗಿಸಿ ತೊಳೆಯಬೇಕು. ಕಾರಿನ ಕೈಪಿಡಿಯನ್ನು ನೋಡದೆ ಸುತ್ತಿಗೆ ಎತ್ತಬೇಡಿ.

ಬಿಚ್ಚಬಹುದಾದ ಕೀಲಾದರೆ ಬಟ್ಟಲು, ಪಂಜರ, ತಿರುಳು ಮೂರರ ಮೇಲೂ ಬಣ್ಣದಿಂದ ಒಂದೇ ಗೆರೆಯ ಗುರುತು ಮಾಡಿ. ತಿರುಳನ್ನು ಒಂದು ಬದಿಗೆ ಪೂರ್ತಿ ವಾಲಿಸಿದರೆ ಎದುರು ಬದಿಯ ಗುಂಡು ಮೇಲೆ ಬರುತ್ತದೆ. ಹೀಗೆ ಒಂದೊಂದಾಗಿ ಆರನ್ನೂ ತೆಗೆಯಿರಿ. ಯಾವ ಗುಂಡು ಯಾವ ಕಿಟಕಿಯದೋ ಅಲ್ಲಿಗೇ ಮರಳಬೇಕು, ಏಕೆಂದರೆ ಅವು ಒಂದಕ್ಕೊಂದು ಹೊಂದಿ ಸವೆದಿರುತ್ತವೆ. ನಾನು ಹಳೆಯ ಇಡ್ಲಿ ತಟ್ಟೆಯ ಗುಳಿಗಳ ಪಕ್ಕದಲ್ಲಿ ಸೀಮೆಸುಣ್ಣದಿಂದ ಅಂಕಿ ಬರೆದು ಇಟ್ಟಿದ್ದೆ. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ ಎಂದು ಹೇಳಬೇಕಾದ್ದಿಲ್ಲ.

ತೊಳೆಯುವುದಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು. ಪೆಟ್ರೋಲ್ ಬೇಡ, ಅದರ ಆವಿ ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಕೆಲಸ ಹಿತ್ತಿಲಿನ ಗಾಳಿಯಲ್ಲಿರಲಿ, ಒಲೆಯ ಹತ್ತಿರ ಬೇಡ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಾಲುವೆಗಳನ್ನೆಲ್ಲ ತಿಕ್ಕಿ, ಎರಡು ಮೂರು ನೀರು ಬದಲಾಯಿಸಿದಂತೆ ಎಣ್ಣೆ ಬದಲಾಯಿಸಿ, ಕೊನೆಯದು ತಿಳಿಯಾಗಿ ಉಳಿಯುವ ತನಕ ತೊಳೆಯಿರಿ. ರಬ್ಬರಿನ ಬೂಟಿಗೆ ಈ ಎಣ್ಣೆ ಸೋಕಬಾರದು. ತೊಳೆದದ್ದು ಪೂರ್ತಿ ಒಣಗಬೇಕು. ಸೀಮೆಎಣ್ಣೆಯ ಪಸೆ ಉಳಿದರೆ ಹೊಸ ಗ್ರೀಸನ್ನು ತೆಳುವಾಗಿಸುತ್ತದೆ.

ಈಗ ಬರುವುದು ಪರೀಕ್ಷೆ. ನಾನು ಬಲಗೀಲಿನಲ್ಲಿ ಬಿಟ್ಟ ಹೆಜ್ಜೆ ಇದೇ. ಪ್ರತಿಯೊಂದು ಕಾಲುವೆಯನ್ನೂ ಹಗಲು ಬೆಳಕಿನಲ್ಲಿ ನೋಡಿ. ಗುಂಡು ಓಡಿದ ಜಾಡು ಕನ್ನಡಿಯಂತೆ ಹೊಳೆಯುವ ಪಟ್ಟಿಯಾಗಿದ್ದರೆ ಚಿಂತೆಯಿಲ್ಲ. ಉಗುರನ್ನು ಎಳೆದಾಗ ಸಿಕ್ಕಿಕೊಂಡರೆ, ಸಿಡುಬಿನ ಕಲೆಯಂತೆ ಕುಳಿಗಳಿದ್ದರೆ, ಚಕ್ಕೆ ಎದ್ದಿದ್ದರೆ, ಕಾವಿನಿಂದ ನೀಲಿಗಟ್ಟಿದ್ದರೆ, ಪಂಜರದ ಮೂಲೆಯಲ್ಲಿ ಕೂದಲೆಳೆಯ ಬಿರುಕಿದ್ದರೆ, ಗುಂಡು ಕಿಟಕಿಯಲ್ಲಿ ಲೊಡಲೊಡ ಆಡಿದರೆ, ಆ ಕೀಲಿನ ಕಾಲ ಮುಗಿಯಿತು. ಗ್ರೀಸು ಕುಳಿಯನ್ನು ಮುಚ್ಚುತ್ತದೆ, ತುಂಬುವುದಿಲ್ಲ. ಸದ್ದನ್ನು ನುಂಗುತ್ತದೆ, ಸವೆತವನ್ನು ನುಂಗುವುದಿಲ್ಲ. ಟಕ್ ಟಕ್ ಎಂದ ಕೀಲು ಬದಲಾವಣೆಯನ್ನೇ ಬೇಡುತ್ತಿದೆ ಎಂದು ತಿಳಿಯಿರಿ.

ಪರೀಕ್ಷೆಯಲ್ಲಿ ಗೆದ್ದ ಕೀಲಿಗೆ ಗ್ರೀಸು. ಅಂಗಡಿಯಲ್ಲಿ ಸಿ.ವಿ. ಜಾಯಿಂಟ್ ಗ್ರೀಸ್ ಎಂದೇ ಕೇಳಿ. ಹೊರಗೀಲಿಗೆ ಸಾಮಾನ್ಯವಾಗಿ ಬಳಸುವುದು ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಕಪ್ಪು ಪುಡಿ ಸೇರಿದ ಗ್ರೀಸು. ಆ ಪುಡಿ ಪದರ ಪದರವಾಗಿ ಜಾರುವಂಥದು. ಗುಂಡು ಕಾಲುವೆಗೆ ಒತ್ತಿ ಎಣ್ಣೆಯನ್ನು ಹಿಂಡಿಹಾಕಿದಾಗಲೂ ಅದು ನಡುವೆ ಉಳಿದು ಉಕ್ಕನ್ನು ಕಾಯುತ್ತದೆ. ಒಳಗೀಲಿಗೆ ಬೇರೆ ಗ್ರೀಸು ಹೇಳಿದ್ದರೆ ಅದನ್ನೇ ಹಾಕಿ. ಹಳೆಯದರ ಮೇಲೆ ಹೊಸದನ್ನು ಬೆರೆಸಬೇಡಿ. ಪುಟ್ಟ ಕಾರಿನ ಒಂದು ಕೀಲಿಗೆ ಸುಮಾರು ೮೦ರಿಂದ ೧೨೦ ಗ್ರಾಂ ಹಿಡಿಯುತ್ತದೆ. ಬೂಟಿನ ಜೊತೆ ಬರುವ ಪೊಟ್ಟಣ ಅಳತೆಯದೇ ಆಗಿರುತ್ತದೆ. ಹೆಚ್ಚಿನ ಪಾಲನ್ನು ಬೆರಳಿನಿಂದ ಗುಂಡುಗಳ ನಡುವೆ ತುರುಕಿ, ಕೀಲನ್ನು ಎಲ್ಲ ದಿಕ್ಕಿಗೂ ಆಡಿಸಿ, ಮಿಕ್ಕದ್ದನ್ನು ಬೂಟಿನೊಳಗೆ ಹಾಕಿ. ಭಕ್ತಿ ಹೆಚ್ಚಾಗಿ ಅತಿಯಾಗಿ ತುಂಬಿದರೆ ಬೂಟು ಉಬ್ಬಿ ಒಡೆಯುತ್ತದೆ.

ಜೋಡಿಸುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. ಕೀಲನ್ನು ಕೂರಿಸಿದ ಮೇಲೆ ಬೂಟು ಕೈಯಲ್ಲೇ ಉಳಿಯುತ್ತದೆ. ಮೊದಲು ಸಣ್ಣ ಪಟ್ಟಿ, ಆಮೇಲೆ ಬೂಟು, ಆಮೇಲೆ ಕೀಲು. ದಂಡದ ತುದಿಯ ಹಲ್ಲುಗಳು ರಬ್ಬರನ್ನು ಗೀಚದಂತೆ ಟೇಪು ಸುತ್ತಿ, ಬೂಟು ದಾಟಿದ ಮೇಲೆ ಬಿಚ್ಚಿ. ಸರ್ಕ್ಲಿಪ್ ಹೊಸದೇ ಇರಲಿ. ಅದು ಕೂತ ಮೇಲೆ ಕೀಲನ್ನು ಬಲವಾಗಿ ಎಳೆದು ನೋಡಿ. ಬೂಟಿನ ಅಂಚಿನಡಿ ಸಪೂರವಾದ ಕಡ್ಡಿಯೊಂದನ್ನು ತೂರಿಸಿ ಗಾಳಿಯನ್ನು ಸಮ ಮಾಡಿ, ಉಬ್ಬದೆ ಕುಗ್ಗದೆ ಇರುವಾಗ ಪಟ್ಟಿಗಳನ್ನು ಬಿಗಿಯಿರಿ. ಗಾಲಿಯ ನಟ್ಟನ್ನು ಕೈಪಿಡಿ ಹೇಳಿದ ಅಳತೆಗೆ ಬಿಗಿಸಿ, ಅದರ ಬೀಗವನ್ನು ಮರೆಯದೆ ಹಾಕಿಸಿ. ತೊಳೆದ ಕೊಳೆ ಎಣ್ಣೆಯನ್ನು ಚರಂಡಿಗೋ ಬಾವಿಕಟ್ಟೆಗೋ ಚೆಲ್ಲದೆ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಿ.

ಇಷ್ಟನ್ನೂ ಮಾಡಲು ಪುರುಸೊತ್ತಿಲ್ಲದವರು ಒಂದನ್ನಾದರೂ ಮಾಡಬಹುದು. ತಿಂಗಳಿಗೊಮ್ಮೆ ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಕಾರನ್ನು ನಿಲ್ಲಿಸಿ, ದೀಪ ಹಿಡಿದು ಗಾಲಿಯ ಹಿಂದೆ ಬಗ್ಗಿ ನೋಡಿ. ಬೂಟಿನ ಮಡಿಕೆಗಳಲ್ಲಿ ಬಿರುಕಿದೆಯೇ, ಗಾಲಿಯ ಒಳಮೈಯಲ್ಲಿ ಕಪ್ಪು ಜಿಡ್ಡು ಚಿಮ್ಮಿದೆಯೇ? ಎರಡು ನಿಮಿಷದ ಕೆಲಸ. ಆಮೇಲೆ ಇನ್ನೊಂದು ಬದಿ.

ನಮ್ಮ ತಾಯಿಯವರು ಈಗಲೂ ಕಾರು ಹತ್ತುವ ಮುನ್ನ “ಬಗ್ಗಿ ನೋಡಿದೆಯೇನೋ?” ಎಂದು ಕೇಳುತ್ತಾರೆ. ನೋಡಿದೆನಮ್ಮ ಎಂದು ನಿಜವಾಗಿ ಹೇಳಬಲ್ಲ ದಿನವೇ ನಾನು ಘಾಟಿಯ ಕಡೆಗೆ ಹೊರಡುವುದು.